ಗೌರವದ ನೆಲೆ: ಕನ್ನಡ, ಗುಜರಾತಿ ಕ್ರಿಯಾಪದಗಳ ಒಂದು ತುಲನೆ

ಎದುರಿಗಿರುವವರು ಹಿರಿಯರೋ, ಸರಿಸಮಾನರೋ, ಕಿರಿಯರೋ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಕನ್ನಡದಲ್ಲಿ ಅವರನ್ನು ಕುರಿತು ಒಂದು ಸಣ್ಣ ವಾಕ್ಯವನ್ನೂ ಆಡಿ ಮುಗಿಸುವಂತಿಲ್ಲ. ‘ಬಾ’ ಎನ್ನಬೇಕೆ, ‘ಬನ್ನಿ’ ಎನ್ನಬೇಕೆ, ‘ದಯಮಾಡಿಸಬೇಕು’ ಎನ್ನಬೇಕೆ ಎಂಬ ನಿರ್ಣಯವು ಮಾತು ಹೊರಡುವ ಮೊದಲೇ ಆಗಿರಬೇಕು. ಹುಟ್ಟಿದ ಊರಿನಲ್ಲಿ ಈ ನಿರ್ಣಯ ತನಗೆ ತಾನೇ ಆಗಿಬಿಡುತ್ತದೆ. ಪರಭಾಷೆಯ ನಾಡಿನಲ್ಲಿ ನೆಲೆಸಿದವರಿಗೆ ಮಾತ್ರ ಇದೊಂದು ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ. ಅಹಮದಾಬಾದು, ವಡೋದರ, ಸೂರತ್ತು ನಗರಗಳಲ್ಲಿ ಬಾಳುತ್ತಿರುವ ಕನ್ನಡಿಗರಿಗೆ ಗುಜರಾತಿಯಲ್ಲಿ ಯಾವ ಕ್ರಿಯಾಪದವನ್ನು ಯಾರಿಗೆ ಬಳಸಬೇಕು ಎಂಬುದೂ, ತಮ್ಮ ಮಕ್ಕಳ ಕನ್ನಡದಲ್ಲಿ ಈ ವಿವೇಚನೆ ಉಳಿದೀತೆ ಎಂಬುದೂ ಏಕಕಾಲದ ಎರಡು ಪ್ರಶ್ನೆಗಳು.

ಈ ಎರಡು ಭಾಷೆಗಳ ಸಹವಾಸ ಹೊಸದೇನೂ ಅಲ್ಲ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೂ ಅಹಮದಾಬಾದು, ಸೂರತ್ತು ಜಿಲ್ಲೆಗಳೂ 1956ರ ನವೆಂಬರ್ 1ರವರೆಗೆ ಒಂದೇ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ಗಾಯಕವಾಡರ ಬಡೋದೆ ಸಂಸ್ಥಾನವೂ 1949ರಲ್ಲಿ ಅದೇ ಪ್ರಾಂತಕ್ಕೆ ಸೇರಿತು. 1960ರ ಮೇ 1ರಂದು ಗುಜರಾತ ರಾಜ್ಯವು ಪ್ರತ್ಯೇಕವಾಯಿತು. ಈಚೆಗೆ, 2019ರ ಏಪ್ರಿಲ್ 1ರಂದು, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ವಡೋದರದಲ್ಲಿ 1908ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದೊಡನೆ ವಿಲೀನವಾಯಿತು. ಒಂದು ಗಲ್ಲೆಯ ಈಚೆಗೆ ಕನ್ನಡಿಗ ನೌಕರನೂ ಆಚೆಗೆ ಗುಜರಾತಿ ಗ್ರಾಹಕನೂ ನಿಂತು ಮಾತನಾಡುವ ಪ್ರಸಂಗಗಳಿಗೆ ಹೀಗೆ ಹೊಸ ಅವಕಾಶ ಒದಗಿದೆ.

ಮೇಲುನೋಟಕ್ಕೆ ಎರಡು ಭಾಷೆಗಳ ವ್ಯವಸ್ಥೆ ಒಂದೇ ಬಗೆಯಾಗಿ ತೋರುತ್ತದೆ. ಕನ್ನಡದ ‘ನೀನು, ನೀವು, ತಾವು’ ಎಂಬ ಮೂರು ಮೆಟ್ಟಿಲುಗಳಿಗೆ ಗುಜರಾತಿಯಲ್ಲಿ ‘ತೂಂ, ತಮೇ, ಆಪ’ ಎಂಬ ಮೂರು ಮೆಟ್ಟಿಲುಗಳಿವೆ. ‘ಬಾ’ ಎಂಬುದಕ್ಕೆ ‘ಆವ’, ‘ಬನ್ನಿ’ ಎಂಬುದಕ್ಕೆ ‘ಆವೋ’, ‘ದಯಮಾಡಿಸಿ’ ಎಂಬುದಕ್ಕೆ ‘ಪಧಾರೋ’. ದೇವರನ್ನು ಎರಡು ಭಾಷೆಗಳೂ ಏಕವಚನದಲ್ಲಿಯೇ ಕರೆಯುತ್ತವೆ. ತಾಯಿಗೆ ಏಕವಚನ, ತಂದೆಗೆ ಬಹುವಚನ ಎಂಬ ರೂಢಿ ಕನ್ನಡದ ಅನೇಕ ಮನೆಗಳಲ್ಲಿರುವಂತೆ ಗುಜರಾತಿನ ಮನೆಗಳಲ್ಲಿಯೂ ಉಂಟು. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್‌ಮನ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಯೂರೋಪಿನ ಭಾಷೆಗಳ ಮಧ್ಯಮಪುರುಷ ಸರ್ವನಾಮಗಳನ್ನು ಪರೀಕ್ಷಿಸಿ, ಅವುಗಳ ಆಯ್ಕೆಯನ್ನು ಅಧಿಕಾರ ಮತ್ತು ಸಖ್ಯ ಎಂಬ ಎರಡು ಶಕ್ತಿಗಳು ನಡೆಸುತ್ತವೆ ಎಂದು ತೋರಿಸಿದರು. ತಾಯಿಯ ‘ನೀನು’ ಸಖ್ಯದ್ದು, ಆಳಿಗೆ ಹೇಳುವ ‘ನೀನು’ ಅಧಿಕಾರದ್ದು. ಪದ ಒಂದೇ ಆದರೂ ಭಾವ ಬೇರೆ.

ಆದರೆ ಈ ಸಾಮ್ಯವನ್ನು ನಂಬಿ ಕನ್ನಡದ ವಾಕ್ಯವನ್ನು ಹಾಗೆಯೇ ಗುಜರಾತಿಗೆ ತಿರುಗಿಸಹೊರಟರೆ ತೊಡಕು ಪ್ರಾರಂಭವಾಗುತ್ತದೆ. ಏಕೆಂದರೆ ಗೌರವವು ವಾಕ್ಯದ ಯಾವ ಅಂಗದಲ್ಲಿ ನೆಲೆಸುತ್ತದೆಂಬ ವಿಷಯದಲ್ಲಿ ಈ ಭಾಷೆಗಳು ಭಿನ್ನವಾಗಿವೆ. ಕನ್ನಡದಲ್ಲಿ ಅದರ ಮುಖ್ಯ ನೆಲೆ ಕ್ರಿಯಾಪದದ ತುದಿ. ‘ಬರುತ್ತಾನೆ, ಬರುತ್ತಾರೆ’, ‘ಬಂದನು, ಬಂದರು’, ‘ಬರುವನು, ಬರುವರು’ ಎಂದು ಮೂರು ಕಾಲಗಳಲ್ಲಿಯೂ ಆಖ್ಯಾತ ಪ್ರತ್ಯಯವೇ ಗೌರವವನ್ನು ಸಾರುತ್ತದೆ. ಆದುದರಿಂದಲೇ ಕನ್ನಡಿಗನು ಕರ್ತೃಪದವನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಬಲ್ಲನು. ‘ಊಟವಾಯಿತೆ? ಯಾವಾಗ ಬಂದಿರಿ?’ ಎಂದರೆ ‘ನೀವು’ ಎಂಬ ಪದವಿಲ್ಲದೆಯೂ ಮರ್ಯಾದೆಗೆ ಕುಂದಿಲ್ಲ.

ಗುಜರಾತಿಯ ರೀತಿ ಬೇರೆ. ಎದುರಿಗಿರುವವರನ್ನು ಕುರಿತು ವರ್ತಮಾನದಲ್ಲಿ ಮಾತನಾಡುವಾಗ ‘ತೂಂ ಆವೇ ಛೇ’, ‘ತಮೇ ಆವೋ ಛೋ’ ಎಂದು ಕ್ರಿಯಾಪದ ಬದಲಾಗುವುದು ನಿಜ. ಆದರೆ ಪ್ರಥಮಪುರುಷದಲ್ಲಿ ವರ್ತಮಾನ, ಭವಿಷ್ಯತ್ತುಗಳೆರಡರಲ್ಲಿಯೂ ಏಕವಚನ ಬಹುವಚನಗಳಿಗೆ ರೂಪ ಒಂದೇ. ‘ಛೋಕರೋ ಆವೇ ಛೇ’ ಎಂದರೆ ಹುಡುಗ ಬರುತ್ತಾನೆ. ‘ಪಿತಾಜೀ ಆವೇ ಛೇ’ ಎಂದರೆ ತಂದೆಯವರು ಬರುತ್ತಾರೆ. ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಎರಡನೆಯ ವಾಕ್ಯ ಒರಟಾಗಿ ಕೇಳಿಸಬಹುದು. ವಾಸ್ತವವಾಗಿ ಅಲ್ಲಿ ಗೌರವವು ‘ಜೀ’ ಎಂಬ ಅಕ್ಷರದಲ್ಲಿ ಕುಳಿತಿದೆ. ಸಕರ್ಮಕ ಕ್ರಿಯೆಗಳ ಭೂತಕಾಲದಲ್ಲಿ ಭೇದ ಇನ್ನೂ ಹೆಚ್ಚು. ಅಲ್ಲಿ ಕ್ರಿಯಾಪದವು ಕರ್ತೃವನ್ನು ಬಿಟ್ಟು ಕರ್ಮವನ್ನು ಅನುಸರಿಸುತ್ತದೆ. ‘ಸಹಿ ಮಾಡಿದೆಯಾ?’, ‘ಸಹಿ ಮಾಡಿದಿರಾ?’ ಎಂಬೆರಡಕ್ಕೂ ಗುಜರಾತಿಯ ಕ್ರಿಯಾಪದ ‘ಸಹೀ ಕರೀ’ ಎಂಬುದೊಂದೇ. ‘ಕರೀ’ ಎಂಬುದು ಸ್ತ್ರೀಲಿಂಗದ ‘ಸಹೀ’ ಪದಕ್ಕೆ ಹೊಂದಿಕೊಂಡಿದೆಯೇ ಹೊರತು ಸಹಿ ಮಾಡಿದವರಿಗೆ ಅಲ್ಲ. ‘ತೇಂ’ ಎಂದರೆ ಸಲಿಗೆ, ‘ತಮೇ’ ಎಂದರೆ ಮರ್ಯಾದೆ. ಕನ್ನಡದ ಅಭ್ಯಾಸದಂತೆ ಸರ್ವನಾಮವನ್ನು ಕೈಬಿಟ್ಟು ಬರಿಯ ‘ಸಹೀ ಕರೀ?’ ಎಂದು ಗ್ರಾಹಕನನ್ನು ಕೇಳಿದರೆ, ಕೇಳಿದವನ ಮನಸ್ಸಿನಲ್ಲಿದ್ದ ಗೌರವ ಮನಸ್ಸಿನಲ್ಲಿಯೇ ಉಳಿದೀತು. ಹೆಸರಿಗೆ ‘ಭಾಈ’ ಅಥವಾ ‘ಬೇನ’ ಎಂಬುದನ್ನು ಸೇರಿಸಿ, ‘ತಮೇ’ ಎಂದು ಸ್ಪಷ್ಟವಾಗಿ ನುಡಿದಾಗಲೇ ವಾಕ್ಯ ಪೂರ್ಣವಾಗುತ್ತದೆ. ಗುಜರಾತಿಗರು ಹೆಸರಿನ ಹಿಂದೆ ಭಾಈ, ಬೇನ ಎಂಬುವನ್ನು ಇಷ್ಟು ಉದಾರವಾಗಿ ಸೇರಿಸುವುದಕ್ಕೆ ಸೌಜನ್ಯವಷ್ಟೇ ಅಲ್ಲದೆ ವ್ಯಾಕರಣದ ಈ ಅಗತ್ಯವೂ ಇಂಬಾಗಿದೆ ಎನ್ನಬಹುದು.

ಅಕರ್ಮಕ ಕ್ರಿಯೆಗಳ ಭೂತಕಾಲದಲ್ಲಿ ಮಾತ್ರ ಗುಜರಾತಿಯು ಕನ್ನಡದಲ್ಲಿಲ್ಲದ ಒಂದು ಸೂಕ್ಷ್ಮವನ್ನು ಕಾಪಾಡಿಕೊಂಡಿದೆ. ‘ಬಂದರು’ ಎಂದಾಗ ಕನ್ನಡದಲ್ಲಿ ಬಂದವರು ಗಂಡಸೋ ಹೆಂಗಸೋ ತಿಳಿಯದು. ಗೌರವ ಬಂದೊಡನೆ ಲಿಂಗಭೇದ ಅಳಿಯುತ್ತದೆ. ಗುಜರಾತಿಯಲ್ಲಿ ತಂದೆಗೆ ‘ಆವ್ಯಾ’, ತಾಯಿಗೆ ‘ಆವ್ಯಾಂ’. ಗೌರವಾರ್ಹ ಸ್ತ್ರೀಯರಿಗೆ ನಪುಂಸಕ ಬಹುವಚನದ ರೂಪವನ್ನು ಬಳಸುವುದು ಆ ಭಾಷೆಯ ವಿಶೇಷ. ತಂಗಿ ಬಂದರೆ ‘ಆವೀ’, ತಾಯಿ ಬಂದರೆ ‘ಬಾ ಆವ್ಯಾಂ’. 1917ರಿಂದ ಸಾಬರಮತಿಯ ತೀರದ ಆಶ್ರಮದಲ್ಲಿದ್ದ ಕಸ್ತೂರಬಾ ಅವರನ್ನು ದೇಶವೆಲ್ಲ ಕರೆದದ್ದು ಇದೇ ‘ಬಾ’ ಎಂಬ ಹೆಸರಿನಿಂದ. ಕನ್ನಡದಲ್ಲಿ ಸಲಿಗೆಯ ಆಜ್ಞೆಯಾದ ‘ಬಾ’ ಗುಜರಾತಿಯಲ್ಲಿ ತಾಯಿಯಾಗಿರುವುದು ಕಾಕತಾಳೀಯ. ಆ ತಾಯಿಗೆ ಸಲ್ಲುವ ಗೌರವವೆಲ್ಲ ಕ್ರಿಯಾಪದದ ಕೊನೆಯ ಒಂದು ಅನುನಾಸಿಕದಲ್ಲಿ ಅಡಗಿರುವುದು ಗಮನಾರ್ಹ. ಆಡುಮಾತಿನಲ್ಲಿ ಈ ಅನುನಾಸಿಕ ಹಲವೊಮ್ಮೆ ಕೇಳಿಸದೆ ಹೋಗುವುದುಂಟು. ಬರಹದಲ್ಲಿ ಮಾತ್ರ ಅದನ್ನು ಬಿಡುವಂತಿಲ್ಲ.

ವಿಧ್ಯರ್ಥದಲ್ಲಿ ಎರಡು ಭಾಷೆಗಳ ಮನೋಧರ್ಮ ಮತ್ತೆ ಒಂದಾಗುತ್ತದೆ. ‘ಆವೋ’ ಎಂದರೆ ಈಗಲೇ ಬನ್ನಿ. ‘ಆವಜೋ’ ಎಂದರೆ ಮುಂದೆ, ಅನುಕೂಲವಾದಾಗ ಬನ್ನಿ. ಕಾಲವನ್ನು ಮುಂದಕ್ಕೆ ತಳ್ಳಿದ್ದರಿಂದ ಆಜ್ಞೆ ಮೃದುವಾಗುತ್ತದೆ. ಕನ್ನಡದ ‘ಬರುವಿರಂತೆ’, ‘ಆಮೇಲೆ ಮಾಡುವಿರಂತೆ’ ಎಂಬ ರೂಪಗಳು ಇದೇ ಕೆಲಸವನ್ನು ಮಾಡುತ್ತವೆ. ‘ಕೊಡಿ’ ಎಂಬುದಕ್ಕಿಂತ ‘ಕೊಡುವಿರಾ?’ ಎಂಬ ಪ್ರಶ್ನೆ ಹೇಗೆ ವಿನಯವೋ ಹಾಗೆಯೇ ‘ಆಪೋ’ ಎಂಬುದಕ್ಕಿಂತ ‘ಆಪಶೋ?’ ಎಂಬುದು ವಿನಯ. ಬೀಳ್ಕೊಡುವಾಗ ‘ಹೋಗಿ’ ಎನ್ನಲು ಕನ್ನಡಿಗನ ನಾಲಿಗೆ ಏಳದು. ‘ಹೋಗಿ ಬನ್ನಿ’ ಎನ್ನುತ್ತಾನೆ. ಗುಜರಾತಿಗನೂ ‘ಜಾಓ’ ಎನ್ನದೆ ‘ಆವಜೋ’ ಎನ್ನುತ್ತಾನೆ. ಆದರೆ ಹೊರಡುವ ಅತಿಥಿ ಕನ್ನಡದ ‘ಬರುತ್ತೇನೆ’ ಎಂಬುದನ್ನು ‘ಹೂಂ ಆವುಂ ಛುಂ’ ಎಂದು ತರ್ಜುಮೆ ಮಾಡಿದರೆ, ಈತನು ಈಗಲೇ ಮರಳಿ ಬರುತ್ತಾನೆಂದು ಆತಿಥೇಯರು ಕಾಯುತ್ತ ಕುಳಿತಾರು. ಅಲ್ಲಿ ಅತಿಥಿಯೂ ‘ಆವಜೋ’ ಎಂದೇ ಹೇಳಬೇಕು. ನೀವೂ ನಮ್ಮಲ್ಲಿಗೆ ಬನ್ನಿ ಎಂಬುದು ಅದರ ಇಂಗಿತ.

ಪ್ರತ್ಯಯವನ್ನು ಬದಲಿಸುವುದಕ್ಕೆ ಬದಲಾಗಿ ಧಾತುವನ್ನೇ ಬದಲಿಸುವ ಕ್ರಮವೂ ಎರಡು ಕಡೆಯೂ ಇದೆ. ತಿಂಡಿಗೆ ‘ಖಾವುಂ’, ಊಟಕ್ಕೆ ‘ಜಮವುಂ’. ಕನ್ನಡದಲ್ಲಿ ‘ತಿನ್ನು’ ಮತ್ತು ‘ಊಟ ಮಾಡು’. ಅತಿಥಿಯನ್ನು ‘ತಿಂದಿರಾ?’ ಎಂದು ಕೇಳದೆ ‘ಊಟವಾಯಿತೆ?’ ಎನ್ನುವಂತೆ ಗುಜರಾತಿಯಲ್ಲಿ ‘ಜಮ್ಯಾ?’ ಎನ್ನಬೇಕು. ಇನ್ನೂ ಮೇಲಿನ ಮೆಟ್ಟಿಲಿನಲ್ಲಿ ಒಂದು ಸಂತೋಷದ ಸಂಗತಿಯಿದೆ. ದೇವರ, ಪೂಜ್ಯರ ಭೋಜನಕ್ಕೆ ಗುಜರಾತಿಯಲ್ಲಿ ‘ಆರೋಗವುಂ’ ಎಂಬ ಕ್ರಿಯೆ ಸಲ್ಲುತ್ತದೆ. ವಚನಕಾರರಿಗೂ ದಾಸರಿಗೂ ಪರಿಚಿತವಾದ ಕನ್ನಡದ ‘ಆರೋಗಣೆ’, ‘ಆರೋಗಿಸು’ ಎಂಬುವು ಅದೇ ಪದದ ರೂಪಗಳು. ದೇವರ ಶಯನಕ್ಕೆ ಅಲ್ಲಿ ‘ಪೋಢವುಂ’, ಇಲ್ಲಿ ‘ಪವಡಿಸು’. ‘ಪಧಾರವುಂ’ ಬರುವುದಕ್ಕೂ ಹೋಗುವುದಕ್ಕೂ ಸಲ್ಲುವಂತೆ ಹಳಗನ್ನಡದ ‘ಬಿಜಯಂಗೆಯ್’, ಈಗಿನ ‘ದಯಮಾಡಿಸು’ ಎಂಬುವೂ ಎರಡಕ್ಕೂ ಸಲ್ಲುತ್ತವೆ. ಹಿರಿಯರು ಬಂದರೂ ಹೊರಟರೂ ಅದು ಅವರ ಅನುಗ್ರಹವೆಂಬ ಭಾವನೆ ಎರಡು ನಾಡುಗಳಿಗೂ ಸಮಾನ.

ತೊಡಕನ್ನು ಹೆಚ್ಚಿಸುವುದು ಹಲವು ವೇಳೆ ಮೂರನೆಯ ಭಾಷೆ. ಹಿಂದಿ ಬಲ್ಲವರು ‘ತಮೇ’ ಎಂಬುದನ್ನು ಹಿಂದಿಯ ‘ತುಮ್’ ಎಂದು ಭಾವಿಸಿ, ಹಿರಿಯರಿಗೆ ಅದು ಸಲ್ಲದೆಂದು ಎಲ್ಲರನ್ನೂ ‘ಆಪ’ ಎಂದು ಕರೆಯತೊಡಗುತ್ತಾರೆ. ಸಭೆಗೆ, ಆಮಂತ್ರಣ ಪತ್ರಕ್ಕೆ ‘ಆಪ’ ಒಪ್ಪುತ್ತದೆ. ನೆರೆಹೊರೆಯ ನಿತ್ಯದ ಮಾತಿನಲ್ಲಿ ಅದು ದೂರವನ್ನು ಸೂಚಿಸುತ್ತದೆ. ದಿನಬಳಕೆಗೆ ‘ತಮೇ’ ಸಂಪೂರ್ಣ ಮರ್ಯಾದೆಯ ಪದವೇ. ಗಾಯಕವಾಡರ ಕಾಲದಿಂದ ಮರಾಠಿ ನೆಲೆಸಿರುವ ವಡೋದರದಲ್ಲಿ ಬೆಳಗಾವಿ ಕಡೆಯ ಕನ್ನಡಿಗರಿಗೆ ಬೇರೊಂದು ಭ್ರಾಂತಿ ಸಾಧ್ಯ. ಮರಾಠಿಯ ‘ಆಪಣ’ ಎಂಬುದು ‘ತಾವು’ ಎಂದೂ ಆದೀತು, ‘ನಾವೆಲ್ಲರೂ’ ಎಂದೂ ಆದೀತು. ಗುಜರಾತಿಯ ‘ಆಪಣೇ’ ಮುಖ್ಯವಾಗಿ ಕೇಳುವವರನ್ನೂ ಒಳಗೊಂಡ ‘ನಾವು’. ಸೂರತ್ತಿನ ಆಡುಮಾತು ಸಲಿಗೆಗೆ ಹೆಸರಾದುದು. ಆದರೆ ಆ ಸಲಿಗೆ ಪರಿಚಯದಿಂದ ಬರತಕ್ಕದ್ದೇ ಹೊರತು ಹೊಸಬನು ಮೊದಲ ದಿನವೇ ಅನುಕರಿಸತಕ್ಕದ್ದಲ್ಲ. ಇಷ್ಟಾದರೂ ಪರಭಾಷಿಕನಿಗೆ ಈ ಸೂಕ್ಷ್ಮಗಳು ಅಸಾಧ್ಯವೆಂದು ತಿಳಿಯಬೇಕಾಗಿಲ್ಲ. 1885ರಲ್ಲಿ ಸತಾರೆಯಲ್ಲಿ ಹುಟ್ಟಿದ, ಮರಾಠಿ ಮನೆಮಾತಿನ ಕಾಕಾ ಕಾಲೇಲ್ಕರರು ಗುಜರಾತಿಯ ಶ್ರೇಷ್ಠ ಗದ್ಯಕಾರರಲ್ಲೊಬ್ಬರಾಗಿ, ಗಾಂಧೀಜಿಯವರಿಂದ ‘ಸವಾಯಿ ಗುಜರಾತಿ’ ಎನ್ನಿಸಿಕೊಂಡರು.

ಈ ವಿಷಯದಲ್ಲಿ ಅತಿ ವಿಸ್ತಾರವಾದ ವ್ಯವಸ್ಥೆಯುಳ್ಳ ಭಾಷೆಗಳಲ್ಲಿ ಕೊರಿಯದ ಭಾಷೆ ಒಂದು. ಅದನ್ನು ನೋಡಿದರೆ ಕನ್ನಡದ ಒಂದು ಗುಣ ಹೆಚ್ಚು ನಿಚ್ಚಳವಾಗುತ್ತದೆ. ಅಲ್ಲಿಯೂ ತಿನ್ನುವುದಕ್ಕೆ ‘ಮೊಕ್ತಾ’, ಹಿರಿಯರು ಉಣ್ಣುವುದಕ್ಕೆ ‘ದುಶಿದಾ’. ಮಲಗುವುದಕ್ಕೆ ‘ಜಾದಾ’, ಹಿರಿಯರು ಮಲಗುವುದಕ್ಕೆ ‘ಜುಮುಶಿದಾ’. ಸಮಾನರಿಗೆ ಕೊಡುವುದು ‘ಜುದಾ’, ಹಿರಿಯರಿಗೆ ಒಪ್ಪಿಸುವುದು ‘ದುರಿದಾ’. ಕನ್ನಡದ ‘ಕೊಡು’, ‘ಅರ್ಪಿಸು’ಗಳಂತೆ. ಇಷ್ಟೇ ಅಲ್ಲ. ಯಾರನ್ನೂ ಕುರಿತಿರದ ವಾಕ್ಯದಲ್ಲಿ ಕೂಡ ಕೊರಿಯದವನು ಕೇಳುವವರಿಗೆ ಗೌರವ ಸಲ್ಲಿಸಬೇಕು. ಮಳೆ ಬರುತ್ತಿದೆ ಎಂದು ಗೆಳೆಯನಿಗೆ ‘ಬಿಗಾ ವಾ’ ಎಂದರೆ ಸಾಕು. ಅಪರಿಚಿತರಿಗೆ ‘ಬಿಗಾ ವಾಯೋ’. ಸಭೆಯಲ್ಲಿ ‘ಬಿಗಾ ಓಮ್ನಿದಾ’. ಗ್ರಂಥಸ್ಥ ಕನ್ನಡದ ‘ಮಳೆ ಬರುತ್ತಿದೆ’ ಎಂಬ ವಾಕ್ಯಕ್ಕೆ ಇಂಥ ಭೇದವಿಲ್ಲ. ಆದರೆ ಧಾರವಾಡದವರು ‘ಮಳಿ ಬರಾಕತ್ತೈತ್ರೀ’ ಎನ್ನುತ್ತಾರೆ. ಮೈಸೂರಿನವರು ‘ಮಳೆ ಬರ್ತಾ ಇದೆ ಕಣ್ರೀ’ ಎನ್ನುತ್ತಾರೆ. ಕ್ರಿಯಾಪದದ ಕರ್ತೃ ಮಳೆಯಾದರೂ ಕೊನೆಯ ‘ರೀ’ ಕೇಳುವವರಿಗೆ ಸಲ್ಲುತ್ತದೆ. ಕೊರಿಯದ ‘ಯೋ’ ಮಾಡುವ ಕೆಲಸವನ್ನೇ ಕನ್ನಡದ ‘ರೀ’ ಮಾಡುತ್ತಿದೆ. ಗುಜರಾತಿಯ ‘ವರಸಾದ ಆವೇ ಛೇ’ ಎಂಬ ವಾಕ್ಯದ ಕ್ರಿಯಾಪದದಲ್ಲಿ ಇದಕ್ಕೆ ಸ್ಥಳವಿಲ್ಲ. ‘ಭಾಈ’ ಅಥವಾ ‘ಸಾಹೇಬ’ ಎಂದು ಬೇರೆಯಾಗಿ ಕರೆಯಬೇಕು.

ಇಲ್ಲಿಯೇ ಮಕ್ಕಳ ಕನ್ನಡದ ಪ್ರಶ್ನೆ ಬರುತ್ತದೆ. ಪರನಾಡಿನಲ್ಲಿ ಬೆಳೆಯುವ ಮಗುವಿನ ಕಿವಿಗೆ ಬೀಳುವ ಕನ್ನಡ ಬಹುಮಟ್ಟಿಗೆ ತಂದೆತಾಯಿಗಳು ಅದಕ್ಕೆ ಹೇಳುವ ಕನ್ನಡ: ‘ಬಾ, ತಿನ್ನು, ಓದು, ಮಲಗು’. ಇದೆಲ್ಲವೂ ಏಕವಚನ. ಊರಿನಲ್ಲಾದರೆ ಅಜ್ಜ, ಸೋದರಮಾವ, ಮೇಷ್ಟರು, ಅಂಗಡಿಯವರು ಇವರೊಡನೆ ಆಡಿಯೂ ಆಡಿದುದನ್ನು ಕೇಳಿಯೂ ಮಗು ಮಿಕ್ಕ ಮೆಟ್ಟಿಲುಗಳನ್ನು ಏರುತ್ತದೆ. ಇಲ್ಲಿ ಆ ಮೆಟ್ಟಿಲುಗಳೆಲ್ಲ ಗುಜರಾತಿಯವು. ಗೌರವವನ್ನು ಸರ್ವನಾಮದಲ್ಲಿಟ್ಟರೆ ಸಾಕೆಂಬ ಗುಜರಾತಿಯ ಅಭ್ಯಾಸ ಕನ್ನಡಕ್ಕೂ ಹರಿದಾಗ ‘ನೀವು ಯಾವಾಗ ಬಂದೆ?’, ‘ಅಜ್ಜ ಹೇಳಿದ’ ಎಂಬಂಥ ಪ್ರಯೋಗಗಳು ಹುಟ್ಟುವುದು ಸಹಜ. ಮಗುವಿನಲ್ಲಿ ವಿನಯವಿಲ್ಲವೆಂದಲ್ಲ, ವಿನಯವನ್ನು ಇಡುವ ಸ್ಥಳ ಅದಕ್ಕೆ ತಿಳಿಯದು. ಊರಿಗೆ ಹೋದಾಗ ಇದನ್ನು ಕೇಳಿದ ಅಜ್ಜನು ನೊಂದುಕೊಂಡರೆ, ಗದರಿಸಿಕೊಂಡ ಮಗು ಕನ್ನಡವನ್ನು ಆಡುವುದನ್ನೇ ಬಿಟ್ಟೀತು.

ಇದಕ್ಕೆ ಉಪದೇಶದಿಂದ ಪ್ರಯೋಜನ ಕಡಮೆ, ಬಳಕೆಯಿಂದ ಹೆಚ್ಚು. ಮಕ್ಕಳ ಎದುರಿನಲ್ಲಿ ದೊಡ್ಡವರು ಪರಸ್ಪರ ಬಹುವಚನದಲ್ಲಿ ಮಾತನಾಡುವುದು, ಊರಿನ ಹಿರಿಯರೊಡನೆ ದೂರವಾಣಿಯಲ್ಲಿ ಮಕ್ಕಳನ್ನೇ ಮಾತಿಗೆ ಬಿಡುವುದು, ಸಂಘದ ಸಮಾರಂಭಗಳಲ್ಲಿ ಸ್ವಾಗತ ವಂದನಾರ್ಪಣೆಗಳನ್ನು ಕಿರಿಯರಿಂದ ಹೇಳಿಸುವುದು, ರಾಜ, ಮಂತ್ರಿ, ಸೇವಕರೆಂಬ ಪಾತ್ರಭೇದವುಳ್ಳ ನಾಟಕಗಳನ್ನು ಆಡಿಸುವುದು, ಇವೆಲ್ಲವೂ ವ್ಯಾಕರಣದ ಪಾಠಗಳೇ. ಸೇವಕನ ವೇಷ ಹಾಕಿದ ಹುಡುಗ ‘ಮಹಾಸ್ವಾಮಿಯವರು ದಯಮಾಡಿಸಬೇಕು’ ಎಂದು ಹತ್ತು ಸಲ ಅಭ್ಯಾಸ ಮಾಡಿದರೆ, ಹನ್ನೊಂದನೆಯ ಸಲ ಅಜ್ಜನಿಗೆ ‘ಬನ್ನಿ’ ಎನ್ನುವುದು ಅವನಿಗೆ ಕಷ್ಟವಾಗಲಾರದು. ಮನೆಯಲ್ಲಿ ಏಕವಚನವೊಂದೇ ಉಳಿದ ಭಾಷೆ ಅಡುಗೆಮನೆಯ ಹೊಸ್ತಿಲನ್ನು ದಾಟದು. ಹಿರಿಯರನ್ನೂ ಅಪರಿಚಿತರನ್ನೂ ಒಳಗೆ ಕರೆಯಲು ಬೇಕಾದ ಕ್ರಿಯಾಪದಗಳು ಇರುವತನಕ ಅದು ಒಂದು ಸಮಾಜದ ಭಾಷೆಯಾಗಿ ಬಾಳುತ್ತದೆ.