ಮಾರಿಕುಪ್ಪಂ ರೈಲು, ಒಂಬತ್ತೂವರೆಯ ಅಂಗನವಾಡಿ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲುಗಳಲ್ಲಿ ನಿಲ್ಲಲು ಜಾಗ ಸಿಕ್ಕರೆ ಅದೇ ಪುಣ್ಯ. ಬಂಗಾರಪೇಟೆ ಇನ್ನೂ ಬೌರಿಂಗ್‌ಪೇಟೆ ಆಗಿದ್ದ ಕಾಲದಲ್ಲಿ, 1894ರಲ್ಲಿ, ಕೆಜಿಎಫ್‌ನ ಚಿನ್ನದ ಗಣಿಗಳಿಗಾಗಿ ಹಾಕಿದ ಹಳಿ ಇದು. ಇಂದು ಅದರ ಮೇಲೆ ಹೋಗುವುದು ಕೂಲಿಗೆ, ಮನೆಕೆಲಸಕ್ಕೆ, ಕಾವಲು ಕೆಲಸಕ್ಕೆ, ಕಚೇರಿಗಳ ಸ್ವಚ್ಛತೆಗೆ ಹೊರಟ ಜನ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರಗಾಂ, ಕೋರಮಂಡಲ್ ಎಂದು ಗಣಿಗಳ ಹೆಸರಿನಲ್ಲೇ ಬದುಕುವ ಬಡಾವಣೆಗಳ ತಾಯಂದಿರು ಅದರಲ್ಲಿರುತ್ತಾರೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಹೋಗುವವರ ದಿನವೂ ಹಾಗೆಯೇ ಬೇಗ ಶುರುವಾಗುತ್ತದೆ.

ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ.

ತಾಯಿ ಮನೆಬಿಟ್ಟ ಹೊತ್ತಿನಿಂದ ಅಂಗನವಾಡಿಯ ಬಾಗಿಲು ತೆರೆಯುವವರೆಗೆ, ಸಂಜೆ ನಾಲ್ಕರಿಂದ ರೈಲು ಮರಳುವವರೆಗೆ ಮಗು ಯಾರ ಬಳಿ ಇರಬೇಕು? ಅಜ್ಜಿ ಇದ್ದ ಮನೆಯಲ್ಲಿ ಅಜ್ಜಿ. ಇಲ್ಲದಿದ್ದರೆ ಪಕ್ಕದ ಮನೆಯ ಅಕ್ಕ, ಅದೂ ಇಲ್ಲದಿದ್ದರೆ ಎಂಟು ಹತ್ತು ವರ್ಷದ ದೊಡ್ಡ ಮಗಳು. ಆ ಹುಡುಗಿಯ ಶಾಲೆಯ ಹಾಜರಿ ಎಲ್ಲಿ ಸೋರಿಹೋಗುತ್ತದೆ ಎಂದು ಹುಡುಕುವವರು ಮೊದಲು ಈ ಎರಡು ಹೊತ್ತಿನ ಲೆಕ್ಕ ತೆಗೆಯಬೇಕು. ಈ ಊರಿನ ಎಳೆಯ ಮಕ್ಕಳಿಗಾಗಿ ಸರ್ಕಾರ ಹಣ ಖರ್ಚು ಮಾಡುತ್ತಿಲ್ಲ ಎಂದು ಹೇಳಲಾಗದು. ಆದರೆ ಖರ್ಚು ಮಾಡುವ ಕೈಗಳು ಹಲವು, ಅವು ಒಂದನ್ನೊಂದು ಕೇಳಿ ಕೆಲಸ ಮಾಡುವುದಿಲ್ಲ. ನನ್ನ ದೂರು ಇದೇ.

ಗಣಿಯ ಕಾಲದಲ್ಲಿ ಎಲ್ಲ ಒಂದೇ ಕೈಯಲ್ಲಿತ್ತು. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯಿಂದ ಹಿಡಿದು 2001ರ ಫೆಬ್ರವರಿ 28ರಂದು ಬೀಗ ಹಾಕಿದ ಭಾರತ್ ಗೋಲ್ಡ್ ಮೈನ್ಸ್‌ವರೆಗೆ ಮನೆ, ನೀರು, ದೀಪ, ಆಸ್ಪತ್ರೆ ಎಲ್ಲವೂ ಗಣಿಯ ಆಡಳಿತದ್ದೇ. 1952ರ ಗಣಿ ಕಾಯ್ದೆಯಂತೂ ಹೆಂಗಸರು ದುಡಿಯುವ ಗಣಿಯಲ್ಲಿ ಅವರ ಎಳೆಯ ಮಕ್ಕಳಿಗೆ ಪಾಲನಾ ಕೊಠಡಿ ಇರಬೇಕೆಂದು ನಿಯಮ ಮಾಡಲು ದಾರಿ ಮಾಡಿತ್ತು. ಆ ಕಾಲವನ್ನು ಹೊಗಳಲು ನನಗೆ ಮನಸ್ಸಿಲ್ಲ. ಬಿಳಿಯರಿಗೆ ಬಂಗಲೆ, ಕೂಲಿಗಳಿಗೆ ತಟ್ಟಿ ತಗಡಿನ ಲೈನ್ ಮನೆ, ಕಲ್ಲುದೂಳು ತಿಂದ ಶ್ವಾಸಕೋಶ, ಇವೆಲ್ಲ ಅದೇ ಆಡಳಿತದ ಕೊಡುಗೆ. ಆದರೂ ಲೈನ್ ಮನೆಯ ಮಗುವಿಗೆ ಜ್ವರ ಬಂದರೆ ಯಾರನ್ನು ಕೇಳಬೇಕು ಎಂಬುದು ಆಗ ಎಲ್ಲರಿಗೂ ಗೊತ್ತಿತ್ತು.

ಈಗ ಅದೇ ಮಗುವಿನ ಊಟ ಮತ್ತು ಆಟ-ಪಾಠ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು. ಚುಚ್ಚುಮದ್ದು, ತಪಾಸಣೆ ಆರೋಗ್ಯ ಇಲಾಖೆಯದು. ಆರು ತುಂಬಿದ ಮೇಲೆ ಶಿಕ್ಷಣ ಇಲಾಖೆ. ನಲ್ಲಿ, ಚರಂಡಿ, ಬೀದಿದೀಪ ನಗರಸಭೆಯದು. ಕಾಲಿಟ್ಟ ನೆಲ ಮಾತ್ರ ಬಹುತೇಕ ಕಡೆ ಕೇಂದ್ರ ಸರ್ಕಾರದ ಗಣಿ ಸಂಸ್ಥೆಯದು. ಗಣಿ ಬಡಾವಣೆಯಲ್ಲಿ ರಾಜ್ಯದ ಇಲಾಖೆ ಸ್ವಂತ ಕಟ್ಟಡ ಕಟ್ಟಬೇಕೆಂದರೆ ಮೊದಲು ಈ ನೆಲದ ಪ್ರಶ್ನೆ ಬಗೆಹರಿಯಬೇಕು. ದಾಖಲೆಗಳೂ ಹಾಗೆಯೇ ಹಂಚಿಹೋಗಿವೆ. ತೂಕ, ಎತ್ತರ ಪೋಷಣ್ ಟ್ರ್ಯಾಕರ್‌ನಲ್ಲಿ, ಲಸಿಕೆ ಆರೋಗ್ಯ ಇಲಾಖೆಯ ಪೋರ್ಟಲ್‌ನಲ್ಲಿ, ಶಾಲೆಯ ದಾಖಲಾತಿ ಎಸ್‌ಎಟಿಎಸ್‌ನಲ್ಲಿ. ಕೆಲಸ ಹುಡುಕುತ್ತ ಮನೆ ಬದಲಿಸುವ ಕುಟುಂಬಗಳು ಹೆಚ್ಚಿರುವ ಊರಿನಲ್ಲಿ ಇಂಥ ಮಗು ಒಂದು ಪಟ್ಟಿಯಿಂದ ಜಾರಿದರೆ ಇನ್ನೊಂದರಲ್ಲಿ ಯಾರೂ ಹುಡುಕುವುದಿಲ್ಲ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲ ಊರು ಟಿ. ನರಸೀಪುರ. ಹೆಸರಿನಲ್ಲೇ 'ಸಮಗ್ರ' ಎಂದಿದೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಲಸಿಕೆ, ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಈ ಆರು ಸೇವೆಗಳು ಒಂದೇ ಸೂರಿನಡಿ ಸಿಗಬೇಕೆಂಬುದು ಅಂದಿನ ಕನಸು. ಇಂದು ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2013ರಿಂದ ಕ್ಷೀರಭಾಗ್ಯದ ಹಾಲು ಬಂತು, 2017ರಿಂದ ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಬಿಸಿಯೂಟ ಬಂತು. ಆದರೆ ಆರು ಸೇವೆಗಳನ್ನು ಒಂದು ಮಗುವಿನ ಸುತ್ತ ಹೊಂದಿಸುವ ಭಾರ ಬಿದ್ದಿರುವುದು ಅಂಗನವಾಡಿ ಕಾರ್ಯಕರ್ತೆಯ ಮೇಲೆ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಕೇಂದ್ರ ಲೆಕ್ಕಕ್ಕೆ ಹಿಡಿಯುವ ಮೂಲ ಮೊತ್ತ 2018ರಲ್ಲಿ 4,500 ರೂಪಾಯಿ ಆಯಿತು. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಗ್ರಾಚ್ಯುಟಿ ಆಕೆಯ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಇಷ್ಟು ಕಡಿಮೆ ಹಣಕ್ಕೆ ದುಡಿಯುವವಳಿಗೆ ಬೆಳಗ್ಗೆ ಆರಕ್ಕೇ ಬಾಗಿಲು ತೆರೆ ಎಂದು ಹೇಳುವುದು ಅನ್ಯಾಯ. ಬೇಕಾಗಿರುವುದು ಇನ್ನೊಂದು ಜೊತೆ ಕೈ, ಅದಕ್ಕೆ ತಕ್ಕ ಹಣ.

ಆ ಹಣಕ್ಕೆ ದಾರಿಗಳಿವೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ, ಕಾಮಸಮುದ್ರದ ಕಡೆಯ ಹಳ್ಳಿಗಳನ್ನು ನೋಡಿ. ಗ್ರಾಮ ಪಂಚಾಯಿತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು ರಾಜ್ಯ 2023ರಲ್ಲಿ ಉದ್ಯೋಗ ಖಾತರಿಯ ನಂಟಿನಲ್ಲಿ ಪ್ರಕಟಿಸಿತು, ಗುರಿ 4,000 ಪಂಚಾಯಿತಿ. ಒಳ್ಳೆಯ ಕೆಲಸ. ಆದರೆ ಮೈಸೂರು ಮೈನ್ಸ್ ನಗರದ ಲೆಕ್ಕಕ್ಕೆ ಸೇರಿದ್ದು, ಪಂಚಾಯಿತಿಯ ಯೋಜನೆ ಅಲ್ಲಿಗೆ ಬರುವುದಿಲ್ಲ. ಕೇಂದ್ರದ 'ಪಾಲ್ನಾ' ಯೋಜನೆಯಲ್ಲಿ ಅಂಗನವಾಡಿಗೇ ಶಿಶುಪಾಲನಾ ಕೇಂದ್ರ ಸೇರಿಸಿ, ಇಡೀ ದಿನ ನಡೆಸಬಹುದು. ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಮಹಿಳೆಯರಿರುವ ಕಡೆ ಪಾಲನಾ ಕೊಠಡಿ ಕಡ್ಡಾಯ ಮಾಡಿದ್ದು 1948ರಷ್ಟು ಹಿಂದೆಯೇ, 1976ರಲ್ಲಿ ಆ ಮಿತಿ 30ಕ್ಕೆ ಇಳಿಯಿತು. ಆದರೆ ಕತ್ತಲಲ್ಲೇ ಬಸ್ಸು ಹತ್ತುವ ತಾಯಿಗೆ ಕಾರ್ಖಾನೆಯ ಒಳಗಿನ ಕೊಠಡಿಗಿಂತ ಮನೆಯ ಬಳಿಯ ಕೊಠಡಿ ಹೆಚ್ಚು ಉಪಯೋಗ. ಕಾರ್ಖಾನೆ, ಕಾರ್ಮಿಕ ಇಲಾಖೆ, ನಗರಸಭೆ, ಅಂಗನವಾಡಿ ನಾಲ್ಕೂ ಕೂತು ಮಾತಾಡಿದರೆ ಆಗುವ ಕೆಲಸ ಇದು. ಆ ಮಾತುಕತೆಗೆ ಕರೆಯುವ ಅಧಿಕಾರ ಯಾರಿಗೂ ಸ್ಪಷ್ಟವಾಗಿ ಇಲ್ಲ.

ಇಲಾಖೆಗಳ ನಡುವಿನ ಎಳೆದಾಟ 2024ರಲ್ಲಿ ಬೀದಿಗೇ ಬಂತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನದ ವಿರುದ್ಧ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಮೂರರಿಂದ ಆರು ವರ್ಷದ ಮಕ್ಕಳು ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು ಎಂಬ ಅವರ ಭಯ ನಿಜವಾದದ್ದು. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನ 250 ಅಂಗನವಾಡಿಗಳು 'ಸರ್ಕಾರಿ ಮಾಂಟೆಸರಿ' ಆದವು. ಪೋಷಕರಿಗೆ ಬೇಕಾದದ್ದು ಓದು, ಇಂಗ್ಲಿಷಿನ ನಾಲ್ಕು ಪದ. ಅದಕ್ಕಾಗಿ ಬಡವರೂ ಕಾನ್ವೆಂಟಿಗೆ ಸಾಲ ಮಾಡುತ್ತಾರೆ. ಒಂದೇ ಊರಿನಲ್ಲಿ ಒಂದೇ ವಯಸ್ಸಿನ ಮಕ್ಕಳಿಗಾಗಿ ಸರ್ಕಾರದ ಎರಡು ಇಲಾಖೆಗಳು ಪೈಪೋಟಿ ಮಾಡುವುದು ಸಾರ್ವಜನಿಕ ಹಣದ ದುಂದು. ಸ್ವೀಡನ್ 1996ರಲ್ಲೇ ಈ ವಯಸ್ಸಿನ ಮಕ್ಕಳ ಹೊಣೆಯನ್ನು ಶಿಕ್ಷಣ ಸಚಿವಾಲಯಕ್ಕೆ ಒಪ್ಪಿಸಿ ಗೊಂದಲ ಮುಗಿಸಿತು. ನಾವು ಯಾರಿಗೆ ಒಪ್ಪಿಸಿದರೂ ಸರಿ, ಒಪ್ಪಿಸಬೇಕು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಕೆನಡಾದ ಸಡ್ಬರಿ, ಅದೂ ಗಣಿಯೂರು, ನಿಕ್ಕಲ್ ತೆಗೆಯುವ ಊರು. ಒಂಟಾರಿಯೊ ಪ್ರಾಂತ್ಯ ಶಿಶುಪಾಲನೆಯ ಹೊಣೆಯನ್ನು 47 ಸ್ಥಳೀಯ ವ್ಯವಸ್ಥಾಪಕರಿಗೆ ಹಂಚಿದೆ. ಸಡ್ಬರಿಯಲ್ಲಿ ನಗರಾಡಳಿತವೇ ಆ ವ್ಯವಸ್ಥಾಪಕ. ಪ್ರಾಂತ್ಯದ ಹಣ ಅಲ್ಲಿಗೆ ಬರುತ್ತದೆ, ಎಲ್ಲಿ ಕೊರತೆಯಿದೆ ಎಂದು ನೋಡಿ ಅಲ್ಲೇ ಯೋಜನೆಯಾಗುತ್ತದೆ. ಇಂಗ್ಲಿಷ್, ಫ್ರೆಂಚ್ ಎರಡೂ ಆಡುವ ಊರಿನಲ್ಲಿ ಭಾಷೆಯ ಅಗತ್ಯವೂ ಆ ಲೆಕ್ಕದಲ್ಲಿ ಸೇರುತ್ತದೆ.

ಭಾಷೆಯ ಮಾತು ನಮಗೂ ದೊಡ್ಡದೇ. ಕೆಜಿಎಫ್‌ನ ಲೈನ್ ಮನೆಗಳಲ್ಲಿ ತಮಿಳು, ಗಡಿಯ ಹಳ್ಳಿಗಳಲ್ಲಿ ತೆಲುಗು, ಕೆಲವು ಬೀದಿಗಳಲ್ಲಿ ಉರ್ದು. ಕನ್ನಡ ಆ ಮಗುವಿನ ಕಿವಿಗೆ ಮೊದಲು ಬೀಳುವುದು ಅಂಗನವಾಡಿಯಲ್ಲಿ, ಹಾಡಾಗಿ, ಕಥೆಯಾಗಿ. ಕಾರ್ಯಕರ್ತೆ ಆಯಾ ಊರಿನವಳೇ ಆಗಿರಬೇಕೆಂಬ ನಿಯಮದ ಬೆಲೆ ಇಲ್ಲಿ ಗೊತ್ತಾಗುತ್ತದೆ. ಅಮ್ಮನ ನುಡಿಯಲ್ಲಿ ಅಳುವನ್ನು ನಿಲ್ಲಿಸಿ ಕನ್ನಡದಲ್ಲಿ ಹಾಡು ಕಲಿಸಬಲ್ಲವಳು ಅವಳೊಬ್ಬಳೇ. ಕನ್ನಡ ಉಳಿಯಬೇಕು ಎನ್ನುವ ನಾವು ಗಡಿಯಲ್ಲಿ ಮೊದಲು ಗಟ್ಟಿ ಮಾಡಬೇಕಾದ ಜಾಗ ಇದು.

ಹೊಸ ಕಚೇರಿ ಕಟ್ಟಬೇಕಿಲ್ಲ. ಕೆಜಿಎಫ್ ಮತ್ತು ಬಂಗಾರಪೇಟೆ ಈಗ ಎರಡು ತಾಲ್ಲೂಕು, ಆದರೆ ರೈಲು ಒಂದೇ, ದುಡಿಮೆಯ ಪೇಟೆ ಒಂದೇ. ಎರಡಕ್ಕೂ ಸೇರಿ ಒಬ್ಬ ಹೊಣೆಗಾರ ಅಧಿಕಾರಿ ಇರಲಿ, ಹುಟ್ಟಿನಿಂದ ಆರು ವರ್ಷದವರೆಗಿನ ಮಕ್ಕಳ ಒಂದೇ ಪಟ್ಟಿ ಇರಲಿ, ನಗರಸಭೆ ಮತ್ತು ಗಣಿ ಸಂಸ್ಥೆಯ ಪ್ರತಿನಿಧಿಗಳು ತಿಂಗಳಿಗೊಮ್ಮೆ ಅವರೆದುರು ಕೂರಲಿ. ಮೊದಲ ವರ್ಷ ರೈಲು ನಿಲ್ದಾಣಗಳ ಬಳಿಯ ಕೆಲವೇ ಅಂಗನವಾಡಿಗಳಲ್ಲಿ ಎರಡು ಪಾಳಿ ನಡೆದರೂ ಸಾಕು, ಎಷ್ಟು ತಾಯಂದಿರು ಬರುತ್ತಾರೆ ಎಂದು ಗೊತ್ತಾಗುತ್ತದೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ನಿಮ್ಮ ಲೈನಿನ ಮಕ್ಕಳನ್ನು ಎಣಿಸಿ, ತಾಯಂದಿರ ಸಹಿ ಹಾಕಿಸಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಡಿ. ಅರ್ಜಿಯಲ್ಲಿ ರೈಲಿನ ಸಮಯವನ್ನೂ ಬರೆಯಿರಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.