ಮಾತು ಬಿಟ್ಟ ಗೆಳೆಯ

ರಾಜಕೀಯ ಅಭಿಪ್ರಾಯಭೇದದಿಂದ ಅಗಲಿದ ಬಾಲ್ಯದ ಗೆಳೆಯರು ಮತ್ತೆ ಕೂಡುವುದು ಹೇಗೆ? ವಾದ ತೀರಿದ ಮೇಲೆ ಎಂದರೆ ಆ ದಿನ ಬಹುಶಃ ಬರಲಾರದು. ಸೋತವನು ತಾನಾಗಿ ಬರಲಿ ಎಂದರೆ ಅದು ಶರಣಾಗತಿಯಾದೀತೇ ಹೊರತು ಸ್ನೇಹವಾಗದು.

ಪಂಪಭಾರತವನ್ನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ದ್ರೋಣ ದ್ರುಪದರ ಪ್ರಸಂಗ ಬಂದಾಗಲೆಲ್ಲ ನಾನು ತುಸು ತಡೆದು ನಿಲ್ಲುತ್ತಿದ್ದೆ. ಒಂದೇ ಗುರುವಿನ ಬಳಿ ಕಲಿತವರು. ನಡುವೆ ಸಿಂಹಾಸನ ಬಂದಿತು. ದ್ರುಪದ ಮಾಡಿದ ಅಪಮಾನವನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ವ್ಯಾಸಭಾರತದ ಮುಂದಿನ ಕಥೆ. ಶಿಷ್ಯರಿಂದ ದ್ರುಪದನನ್ನು ಸೆರೆಹಿಡಿಸಿ ತಂದ ದ್ರೋಣ ಗಂಗೆಯ ಉತ್ತರದ ಅರ್ಧರಾಜ್ಯವನ್ನು ತಾನಿಟ್ಟುಕೊಂಡು, ಇನ್ನರ್ಧವನ್ನು ಹಿಂದಕ್ಕೆ ಕೊಟ್ಟು, ಈಗ ಸಮಾನರಾದೆವು, ಗೆಳೆಯರಾಗಿರೋಣ ಎನ್ನುತ್ತಾನೆ. ದ್ರುಪದ ಒಪ್ಪುತ್ತಾನೆ, ಆಮೇಲೆ ದ್ರೋಣನನ್ನು ಕೊಲ್ಲಬಲ್ಲ ಮಗನಿಗಾಗಿ ಯಜ್ಞ ಮಾಡುತ್ತಾನೆ! ಲೆಕ್ಕ ಚುಕ್ತವಾಯಿತು, ಗೆಳೆತನ ಉಳಿಯಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರದ ಇನ್ನೊಂದು ನಿದರ್ಶನ ಫ್ರಾನ್ಸಿನದು. ಸಾರ್ತ್ರ್ ಮತ್ತು ರೇಮೊ ಆರೋ ಇಬ್ಬರೂ 1905ರಲ್ಲಿ ಹುಟ್ಟಿದವರು, 1924ರಲ್ಲಿ ಪ್ಯಾರಿಸ್ಸಿನ ಒಂದೇ ವಿದ್ಯಾಲಯವನ್ನು ಸೇರಿದವರು. ತಮ್ಮಲ್ಲಿ ಬದುಕುಳಿದವನು ಇನ್ನೊಬ್ಬನ ಚರಮಲೇಖನವನ್ನು ಹಳೆಯ ವಿದ್ಯಾರ್ಥಿಗಳ ಪತ್ರಿಕೆಗೆ ಬರೆಯಬೇಕೆಂದು ತಾರುಣ್ಯದಲ್ಲಿ ಮಾತುಕೊಟ್ಟುಕೊಂಡಿದ್ದರು. ಯುದ್ಧಾನಂತರ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. 1947ರ ಹೊತ್ತಿಗೆ ಸಂಬಂಧ ಕಡಿಯಿತು. 1979ರ ಜೂನ್ 20ರಂದು, ವಿಯೆಟ್ನಾಮಿನಿಂದ ದೋಣಿಗಳಲ್ಲಿ ಪಲಾಯನ ಮಾಡುತ್ತಿದ್ದವರ ಪರವಾಗಿ ಕರೆದ ಪತ್ರಿಕಾಗೋಷ್ಠಿಯಲ್ಲಿ, ದೃಷ್ಟಿ ಬಹುತೇಕ ಕಳೆದುಕೊಂಡಿದ್ದ ಸಾರ್ತ್ರ್‌ರನ್ನು ಆರೋ ವಿದ್ಯಾರ್ಥಿದೆಸೆಯ ಸಲಿಗೆಯ ಮಾತಿನಿಂದಲೇ ಸ್ವಾಗತಿಸಿದರು. ಹಳೆಯ ಸ್ನೇಹ ಮರಳಿತೆಂದರೆ ಉತ್ಪ್ರೇಕ್ಷೆಯಾದೀತು. ಮುಳುಗುತ್ತಿದ್ದವರ ಮುಂದೆ ಅವರ ವಾದ ಸ್ವಲ್ಪ ಹೊತ್ತು ಕಾಯಬಹುದಿತ್ತು, ಅಷ್ಟೆ. ಮರುವರ್ಷ ಏಪ್ರಿಲಿನಲ್ಲಿ ಸಾರ್ತ್ರ್ ತೀರಿಕೊಂಡರು.

ದೊಡ್ಡವರ ಮಾತು ಇರಲಿ. ನನಗೂ ಇಂಥ ಗೆಳೆಯನೊಬ್ಬನಿದ್ದಾನೆ; ಒಂದೇ ಮಣೆಯ ಮೇಲೆ ಕುಳಿತು ಮಗ್ಗಿ ಒಪ್ಪಿಸಿದವರು ನಾವು. 1990ರ ಆಗಸ್ಟಿನಲ್ಲಿ ವಿ. ಪಿ. ಸಿಂಗ್ ಸರ್ಕಾರ ಮಂಡಲ್ ಆಯೋಗದ ಶಿಫಾರಸಿನಂತೆ ಕೇಂದ್ರದ ನೌಕರಿಗಳಲ್ಲಿ ಶೇಕಡಾ 27ರ ಮೀಸಲಾತಿಯನ್ನು ಘೋಷಿಸಿದಾಗ ನಾನು ಅದರ ಪರ, ಅವನು ವಿರುದ್ಧ. ಮಾತು ತತ್ತ್ವದಿಂದ ಜಾತಿಗೆ, ಜಾತಿಯಿಂದ ನನ್ನ ಮನೆತನಕ್ಕೆ ಇಳಿಯಿತು. ಸುಪ್ರೀಂ ಕೋರ್ಟು 1992ರಲ್ಲಿ ಆ ವ್ಯಾಜ್ಯವನ್ನು ತೀರ್ಮಾನಿಸಿತು. ನಮ್ಮದನ್ನು ತೀರ್ಮಾನಿಸುವ ಪೀಠವೆಲ್ಲಿ?

2012ರಲ್ಲಿ ಅವನದೊಂದು ಕಾರ್ಡು ಬಂದಿತು. ಕುಶಲಪ್ರಶ್ನೆಯಿಲ್ಲ, ಪೀಠಿಕೆಯಿಲ್ಲ. ಮಳೆಗಾಲದಲ್ಲಿ ನಮ್ಮನ್ನು ಹರಿಗೋಲಿನಲ್ಲಿ ಶಾಲೆಗೆ ದಾಟಿಸುತ್ತಿದ್ದ ಅಂಬಿಗನ ಹೆಸರೇನು, ಮೂರು ದಿನದಿಂದ ನೆನಪಾಗುತ್ತಿಲ್ಲ, ಎಂದಿಷ್ಟೆ. ನನಗೂ ಹೆಸರು ಹೊಳೆಯಲಿಲ್ಲ; ಅಂಬಿಗನ ಕುಂಟುನಾಯಿ ಮೋತಿಯ ನೆನಪಿತ್ತು. ಅದನ್ನೇ ಬರೆದೆ. ಮರುಟಪಾಲಿಗೆ ಅಂಬಿಗನ ಹೆಸರು ಅವನಿಂದಲೇ ಬಂದಿತು!

ಬಾಲ್ಯದ ಗೆಳೆಯನ ವಿಶೇಷ ಇದೇ ಇರಬೇಕು. ತಾಯಿತಂದೆ ಹೋದರು, ಮೇಷ್ಟ್ರು ಹೋದರು. ನಾವು ಹುಡುಗರಾಗಿದ್ದೆವು ಎಂಬುದಕ್ಕೆ ಉಳಿದ ಸಾಕ್ಷಿ ಅವನೊಬ್ಬನೇ. ಒಂದೇ ಅಭಿಪ್ರಾಯದ ಜನ ಸಭೆಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಆ ಕಾರ್ಡಿನಲ್ಲಿ ಅವನು ಮೀಸಲಾತಿಯ ಸುದ್ದಿ ಎತ್ತಿದ್ದರೆ ನಾನು ಉತ್ತರ ಬರೆಯುತ್ತಿದ್ದೆನೋ ಇಲ್ಲವೋ.

ಆದರೆ ಅಭಿಪ್ರಾಯ ಬೇರೆ, ಅವಮಾನ ಬೇರೆ. ಮನೆತನದ ಮಾತನ್ನು ಮರೆತಂತೆ ನಟಿಸುವುದು ನನ್ನಿಂದ ಆಗುತ್ತಿರಲಿಲ್ಲ. ಐದಾರು ಪತ್ರಗಳಾದ ಮೇಲೆ ಆ ಒಂದು ಮಾತನ್ನು ಅವನು ಹಿಂತೆಗೆದುಕೊಂಡ, ಅಭಿಪ್ರಾಯವನ್ನಲ್ಲ. ನಾನು ಕೇಳಿದ್ದೂ ಅಷ್ಟನ್ನೇ. ಮೀಸಲಾತಿಯ ವಿಷಯದಲ್ಲಿ ಅವನು ಇಂದಿಗೂ ಕದಲಿಲ್ಲ, ನಾನೂ ಕದಲಿಲ್ಲ. ಕಳೆದ ಯುಗಾದಿಗೆ ಬಂದವನು ಅರ್ಧ ಗಂಟೆ ಅದನ್ನೇ ವಾದಿಸಿ, ನಮ್ಮಲ್ಲೇ ಊಟ ಮುಗಿಸಿಕೊಂಡು ಹೋದ.