ಅಂಗವೈಕಲ್ಯ ಸೌಲಭ್ಯ ಮತ್ತು ಆದಾಯ ತೆರಿಗೆ: ಮುಚ್ಚಿಡಬೇಡಿ, ಬಿಟ್ಟುಕೊಡಲೂಬೇಡಿ

ಬಾಗಳಿಯಲ್ಲಿರುವ ನಮ್ಮ ಚಿಕಿತ್ಸಾಲಯಕ್ಕೆ ಕಳೆದ ಜುಲೈ ತಿಂಗಳಲ್ಲಿ ಶಿಕ್ಷಕರೊಬ್ಬರು ಬಂದಿದ್ದರು. ಬಾಲ್ಯದಲ್ಲಿ ಪೋಲಿಯೋ ತಗುಲಿ ಎಡಗಾಲಿನ ಶಕ್ತಿ ಕುಂದಿದವರು; ಸೊಂಟನೋವಿಗೆ ನಮ್ಮಲ್ಲಿ ತೈಲಾಭ್ಯಂಗ ಮಾಡಿಸಿಕೊಳ್ಳುವವರು. ಅಂದು ಅವರು ಕೇಳಿದ್ದು ಔಷಧವನ್ನಲ್ಲ. “ಡಾಕ್ಟರೇ, ತೆರಿಗೆ ರಿಟರ್ನ್‌ಗೆ ಬೇಕಂತೆ, ನನ್ನ ಕಾಲಿನ ಬಗ್ಗೆ ಒಂದು ಸರ್ಟಿಫಿಕೇಟ್ ಬರೆದುಕೊಡಿರಿ” ಎಂದರು. “ಮೇಷ್ಟ್ರೇ, ನಾವು ಬರೆದರೆ ನಿಮಗೇ ತೊಂದರೆ” ಎಂದು ನಾವು ಕೈಮುಗಿದೆವು. ಹಿಂದೊಮ್ಮೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಮತ್ತೊಬ್ಬರಿಗೆ ಅಂಥ ಪತ್ರ ಕೊಟ್ಟಿದ್ದೆವು. ಅದು ಅಂಗೀಕಾರವಾಗದೆ ಅವರು ತೆರಿಗೆಯನ್ನು ಬಡ್ಡಿಸಹಿತ ಕಟ್ಟಬೇಕಾಯಿತು. ತಪ್ಪು ನಮ್ಮದು, ನಷ್ಟ ಅವರದು. ಆ ಋಣಭಾರವೇ ಈ ಲೇಖನಕ್ಕೆ ಕಾರಣ.

ಮೊದಲು ಎರಡು ಮಾತುಗಳ ಭೇದವನ್ನು ತಿಳಿಯೋಣ. ಒಂದು, ತೆರಿಗೆಯೇ ಇಲ್ಲದ ಸೌಲಭ್ಯ. ಇನ್ನೊಂದು, ಆದಾಯದಿಂದ ಕಳೆಯಬಹುದಾದ ಮೊತ್ತ.

ಅಂಧರು, ಕಿವುಡ-ಮೂಕರು ಹಾಗೂ ಕಾಲಿನ ವೈಕಲ್ಯವುಳ್ಳ ನೌಕರರಿಗೆ ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗಿಬರಲು ದೊರೆಯುವ ಪ್ರಯಾಣ ಭತ್ಯೆಯಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯಡಿ ತಿಂಗಳಿಗೆ 3,200 ರೂಪಾಯಿಗಳವರೆಗೆ ತೆರಿಗೆಯಿರಲಿಲ್ಲ. ವರ್ಷಕ್ಕೆ ಇದು 38,400 ರೂಪಾಯಿಯಾಗುತ್ತಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿಯೂ ಈ ವಿನಾಯಿತಿ ಉಳಿದಿದೆ. ಸೇವೆಯಿಂದಾದ ಅಂಗವೈಕಲ್ಯದ ಕಾರಣಕ್ಕಾಗಿಯೇ ಸೇನೆಯಿಂದ ಬಿಡುಗಡೆಗೊಂಡ ಯೋಧರ ಪಿಂಚಣಿಗೂ ತೆರಿಗೆಯಿಲ್ಲ. ತೆರಿಗೆಯಿಲ್ಲವೆಂದು ಇವನ್ನು ರಿಟರ್ನ್‌ನಲ್ಲಿ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಭತ್ಯೆಯನ್ನು ಒಟ್ಟು ವೇತನದಲ್ಲಿ ತೋರಿಸಿ, ಬಳಿಕ ವಿನಾಯಿತಿಯ ಕಲಮಿನಲ್ಲಿ ಕಳೆಯಬೇಕು. ಫಾರಂ 16ಕ್ಕೂ ರಿಟರ್ನ್‌ಗೂ ಲೆಕ್ಕ ತಾಳೆಯಾಗದಿದ್ದರೆ ನೋಟಿಸು ಬರುವ ಸಂಭವವಿದೆ.

ಎರಡನೆಯದು ಕಡಿತ. 1961ರ ಆದಾಯ ತೆರಿಗೆ ಕಾಯ್ದೆಯ 80ಯು ಕಲಮು ಸ್ವತಃ ವಿಕಲಚೇತನರಾದವರಿಗೆ. 80ಡಿಡಿ ಕಲಮು ಅಂಥ ಮಡದಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರನ್ನು ಸಾಕಿ ಸಲಹುತ್ತಿರುವವರಿಗೆ. ವೈಕಲ್ಯ ಶೇ. 40ಕ್ಕಿಂತ ಕಡಿಮೆಯಿಲ್ಲದಿದ್ದರೆ 75,000 ರೂಪಾಯಿ, ಶೇ. 80 ಅಥವಾ ಹೆಚ್ಚಾದರೆ 1,25,000 ರೂಪಾಯಿ. ಖರ್ಚು ಎಷ್ಟೇ ಆಗಿರಲಿ, ಮೊತ್ತ ಇಷ್ಟೇ. ಒಬ್ಬರ ವೈಕಲ್ಯಕ್ಕೆ ಅವರೂ ಕುಟುಂಬದವರೂ ಎರಡು ಕಡೆ ಕಡಿತ ಕೇಳುವಂತಿಲ್ಲ. ಈ ಕಡಿತ ದೊರೆಯುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯೇ ಲಾಭದಾಯಕವಾಗಿರುವುದೂ ಉಂಟು; ಎರಡರಲ್ಲೂ ಲೆಕ್ಕ ಹಾಕಿ ನೋಡಿ ಆರಿಸಿಕೊಳ್ಳುವುದು ಲೇಸು. ಹಳೆಯದನ್ನು ಆರಿಸುವ ವೇತನದಾರರು ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31ರೊಳಗೆ, ರಿಟರ್ನ್ ಸಲ್ಲಿಸಬೇಕು.

ಇನ್ನು ಪ್ರಮಾಣಪತ್ರದ ಮಾತು. ನಾಡಿ ನೋಡಿ ವಾತದ ಪ್ರಕೋಪವನ್ನು ನಾವು ಹೇಳಬಲ್ಲೆವು. ಆದರೆ ವೈಕಲ್ಯದ ಶೇಕಡಾ ಪ್ರಮಾಣವನ್ನು ದೃಢೀಕರಿಸುವ ಅಧಿಕಾರ ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರದ್ದು. ಸಂಧಿವಾತದ ನೋವೆಲ್ಲವೂ ಅಂಗವೈಕಲ್ಯವಲ್ಲ ಎಂಬುದನ್ನೂ ನೆನಪಿಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯಗಳಿದ್ದಲ್ಲಿ ತೆರಿಗೆಗಾಗಿ 10-ಐಎ ನಮೂನೆಯೂ ಬೇಕು. ತಾತ್ಕಾಲಿಕ ಪ್ರಮಾಣಪತ್ರದ ಅವಧಿ ಮುಗಿದರೆ ಮರುತಪಾಸಣೆಯಿಲ್ಲದೆ ಮುಂದಿನ ವರ್ಷಗಳಲ್ಲಿ ಕಡಿತ ಸಿಗದು. ಆದ್ದರಿಂದ ಮಾರ್ಚ್ ಮುಗಿಯುವ ಮುನ್ನವೇ ದಿನಾಂಕವನ್ನು ನೋಡಿಕೊಳ್ಳಿರಿ.

2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ; ರಿಟರ್ನ್ ತುಂಬುವಾಗ ಲೆಕ್ಕಪರಿಶೋಧಕರನ್ನು ಕೇಳಿರಿ. ಅಂಗವಿಕಲ ಮಾಸಾಶನವೊಂದನ್ನೇ ನೆಚ್ಚಿದ ಬಡವರು ಇದಕ್ಕೆ ಅಂಜಬೇಕಿಲ್ಲ. ಅವರ ಆದಾಯ ತೆರಿಗೆಯ ಮಿತಿಗಿಂತ ಬಹು ಕೆಳಗಿದೆ.

ಮೇಷ್ಟ್ರು ಅಂದು ತುಸು ಬೇಸರದಿಂದಲೇ ಹೊರಟರು. ಕೆಲವು ತಿಂಗಳ ಬಳಿಕ ಕಾರ್ಡು ಹಿಡಿದು ಬಂದು, “ನೀವು ಬರೆಯದೆ ಇದ್ದದ್ದೇ ಒಳ್ಳೆಯದಾಯಿತು” ಎಂದರು. ಕಾಯಕದಿಂದ ಬಂದ ಹಣಕ್ಕೆ ಲೆಕ್ಕ ಶುದ್ಧವಿರಲಿ. ಕಾನೂನು ಕೊಟ್ಟ ಹಕ್ಕನ್ನು ಸಂಕೋಚದಿಂದ ಯಾರೂ ಬಿಟ್ಟುಕೊಡದಿರಲಿ ಎಂಬುದೇ ನಮ್ಮ ವಿನಂತಿ.